‘ಟಿನ್ ಮೆನ್’ (1987): ಮನೆಬಾಗಿಲ ಮಾರಾಟಗಾರರ ಹಾಸ್ಯಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚಿತ್ರದ ಕಥೆ ಏನು?

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ, 1963ರಲ್ಲಿ ಕಥೆ ನಡೆಯುತ್ತದೆ. ಬಿಬಿ ಎಂದು ಎಲ್ಲರೂ ಕರೆಯುವ ಬಿಲ್ ಬಾಬೊವ್‌ಸ್ಕಿ ಮತ್ತು ಅರ್ನೆಸ್ಟ್ ಟಿಲ್ಲಿ ಇಬ್ಬರೂ ಮನೆಮನೆಗೆ ಹೋಗಿ, ಮನೆಯ ಹೊರಗೋಡೆಗೆ ಹೊದಿಸುವ ಅಲ್ಯೂಮಿನಿಯಂ ಹಲಗೆಗಳನ್ನು ಮಾರುವವರು. ಬೇರೆ ಬೇರೆ ಕಂಪನಿಗಳಲ್ಲಿರುವ ಇವರಿಗೆ ಪರಸ್ಪರ ಪರಿಚಯವೇ ಇರುವುದಿಲ್ಲ. ಬಿಬಿ ಆಗಷ್ಟೇ ಕೊಂಡ ಕ್ಯಾಡಿಲಾಕ್ ಕಾರನ್ನು ಅಂಗಡಿಯಿಂದ ಹೊರಗೆ ತರುತ್ತಿರುವಾಗ ಟಿಲ್ಲಿಯ ಕ್ಯಾಡಿಲಾಕ್ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ತಪ್ಪು ಯಾರದೆಂಬ ವಾದ ಬಗೆಹರಿಯುವುದಿಲ್ಲ. ಅಲ್ಲಿಂದ ಹುಟ್ಟಿದ ಹಟವು ಕಾರಿನ ಗಾಜು ಒಡೆಯುವ ಮಟ್ಟವನ್ನು ದಾಟಿ, ಟಿಲ್ಲಿಯ ಹೆಂಡತಿ ನೋರಾಳನ್ನು ಒಲಿಸಿಕೊಂಡು ಸೇಡು ತೀರಿಸುವ ಬಿಬಿಯ ಯೋಜನೆಯವರೆಗೆ ಹೋಗುತ್ತದೆ. ಇದೇ ಹೊತ್ತಿನಲ್ಲಿ ಇಬ್ಬರ ಹೊಟ್ಟೆಪಾಡಿಗೂ ಸಂಚಕಾರ ತರುವ ಇನ್ನೊಂದು ಸಂಗತಿ ನಡೆಯುತ್ತಿರುತ್ತದೆ. ಮನೆ ದುರಸ್ತಿ ಹೆಸರಿನ ಮೋಸಗಳನ್ನು ವಿಚಾರಿಸಲು ಸರ್ಕಾರ ನೇಮಿಸಿದ ಆಯೋಗವು ಮಾರಾಟಗಾರರನ್ನು ಒಬ್ಬೊಬ್ಬರನ್ನಾಗಿ ಕರೆಸತೊಡಗಿರುತ್ತದೆ.

ಬಿಬಿಯಾಗಿ ರಿಚರ್ಡ್ ಡ್ರೈಫಸ್, ಟಿಲ್ಲಿಯಾಗಿ ಡ್ಯಾನಿ ಡಿವಿಟೊ, ನೋರಾ ಆಗಿ ಬಾರ್ಬರಾ ಹರ್ಶಿ ನಟಿಸಿದ್ದಾರೆ. ಬರೆದು ನಿರ್ದೇಶಿಸಿದವರು ಬ್ಯಾರಿ ಲೆವಿನ್ಸನ್.

ಇದನ್ನು ಸ್ವತಂತ್ರ ಚಿತ್ರ ಎಂದು ಕರೆಯಬಹುದೇ?

ಹಣದ ಲೆಕ್ಕದಲ್ಲಿ ಕರೆಯಲಾಗದು. ಇದು ಡಿಸ್ನಿ ಸಂಸ್ಥೆಯ ಟಚ್‌ಸ್ಟೋನ್ ವಿಭಾಗವು ಹೊರತಂದ ಚಿತ್ರ. ತಾರೆಯರೂ ಆ ಕಾಲಕ್ಕೆ ಹೆಸರಾದವರೇ. ಆದರೂ ಇದು ಜನಪ್ರಿಯ ಹಾಸ್ಯಚಿತ್ರಗಳ ಸಾಲಿಗೆ ಸೇರುವುದಿಲ್ಲ, ಏಕೆಂದರೆ ಇದರ ಅರ್ಧ ಭಾಗ ಕಥೆಗೆ ನೇರ ಸಂಬಂಧವಿಲ್ಲದ ಹರಟೆಯಲ್ಲಿ ಕಳೆಯುತ್ತದೆ, ನಾಯಕರಿಬ್ಬರಲ್ಲಿ ಒಬ್ಬನೂ ಮೆಚ್ಚುವಂಥವನಲ್ಲ, ಮತ್ತು ಕೊನೆಗೆ ಗೆದ್ದವರು ಯಾರೆಂದು ಬೆರಳು ತೋರಿಸಿ ಹೇಳಲು ಬರುವುದಿಲ್ಲ. 1942ರಲ್ಲಿ ಬಾಲ್ಟಿಮೋರ್‌ನಲ್ಲಿಯೇ ಹುಟ್ಟಿದ ಲೆವಿನ್ಸನ್, ತಾನು ಬೆಳೆದ ಊರಿನ ಬೀದಿಗಳಲ್ಲಿಯೇ ಚಿತ್ರೀಕರಣ ನಡೆಸಿ, ತಾನು ಬಾಲ್ಯದಿಂದ ಕೇಳಿದ ಮಾತಿನ ಧಾಟಿಯಲ್ಲಿಯೇ ಸಂಭಾಷಣೆ ಬರೆದಿದ್ದಾರೆ. ದೊಡ್ಡ ಸಂಸ್ಥೆಯ ಹಣದಲ್ಲಿ ತೆಗೆದ ಸಣ್ಣ ಊರುಕೇರಿಯ ಚಿತ್ರ ಎಂದರೆ ಹೆಚ್ಚು ಸರಿಯಾದೀತು.

ಗೋಡೆಗೆ ಅಲ್ಯೂಮಿನಿಯಂ ಹೊದಿಸುವುದೇಕೆ? ಅದನ್ನು ಬಾಗಿಲು ಬಡಿದು ಏಕೆ ಮಾರಬೇಕಿತ್ತು?

ಅಮೆರಿಕದ ಸಾಮಾನ್ಯ ಮನೆಗಳು ಬಹುಮಟ್ಟಿಗೆ ಮರದ ಚೌಕಟ್ಟಿನವು. ಹೊರಗೋಡೆಗೂ ಆಗ ಹೆಚ್ಚಾಗಿ ಮರದ ಹಲಗೆಗಳೇ ಇದ್ದುದರಿಂದ ಕೆಲವು ವರ್ಷಗಳಿಗೊಮ್ಮೆ ಕೆರೆದು ಬಣ್ಣ ಬಳಿಯದಿದ್ದರೆ ಅವು ಕೊಳೆಯುತ್ತಿದ್ದವು. ಎರಡನೇ ಮಹಾಯುದ್ಧ ಮುಗಿದಾಗ ವಿಮಾನಗಳಿಗೆಂದು ಬೆಳೆದಿದ್ದ ಅಲ್ಯೂಮಿನಿಯಂ ಉದ್ಯಮವು ತನ್ನ ಸರಕಿಗೆ ಬೇರೆ ದಾರಿ ಹುಡುಕುತ್ತಿತ್ತು; ಬಣ್ಣದ ಲೇಪ ಹಾಕಿದ ಉದ್ದನೆಯ ತೆಳು ಪಟ್ಟಿಗಳನ್ನು ಒಂದರ ಅಂಚಿಗೆ ಇನ್ನೊಂದನ್ನು ಸಿಕ್ಕಿಸಿ ಇಡೀ ಮನೆಗೆ ಹೊದಿಸುವ ಪದ್ಧತಿ ಆಗ ಹಬ್ಬಿತು. ಸರಕು ಪೂರ್ತಿ ಕಳಪೆಯೇನೂ ಆಗಿರಲಿಲ್ಲ. ಗೆದ್ದಲು ಹಿಡಿಯದು, ಕೊಳೆಯದು. ಆದರೆ ಚೆಂಡು ಬಡಿದರೂ ತಗ್ಗು ಬೀಳುತ್ತದೆ, ಬಿಸಿಲಿಗೆ ಬಣ್ಣ ಪುಡಿಪುಡಿಯಾಗಿ ಮಾಸುತ್ತದೆ.

ಇದನ್ನು ಅಂಗಡಿಯಲ್ಲಿಟ್ಟು ಮಾರುವುದು ಕಷ್ಟ. ಮನೆ ಚೆನ್ನಾಗಿಯೇ ಇದೆ ಎಂದು ನಂಬಿ ಕುಳಿತವನು ಗೋಡೆಯ ಹೊದಿಕೆ ಹುಡುಕಿಕೊಂಡು ಪೇಟೆಗೆ ಹೋಗುವುದಿಲ್ಲ. ಅವನ ಮನೆ ಹಳತಾಗಿದೆ, ಪಕ್ಕದ ಮನೆಯವರ ಮುಂದೆ ಮಂಕಾಗಿ ಕಾಣುತ್ತಿದೆ ಎಂಬ ಚಿಂತೆಯನ್ನು ಅವನ ಅಂಗಳದಲ್ಲಿಯೇ ನಿಂತು ಬಿತ್ತಬೇಕು. ಬಾಲ್ಟಿಮೋರ್‌ಗಂತೂ ಇಂಥ ವ್ಯಾಪಾರ ಹೊಸದಲ್ಲ. ಅದೇ ಊರಿನ ಆಲ್ಬರ್ಟ್ ನೈಟ್ ಎಂಬುವರು 1937ರಲ್ಲಿ ಪೇಟೆಂಟ್ ಪಡೆದ ‘ಫಾರ್ಮ್‌ಸ್ಟೋನ್’ ಎಂಬ ಕಲ್ಲಿನಂತೆ ಕಾಣುವ ಗಾರೆಯ ಹೊದಿಕೆಯನ್ನು ಅಲ್ಲಿನ ಸಾವಿರಾರು ಇಟ್ಟಿಗೆ ಮನೆಗಳು ಇಂದಿಗೂ ಹೊತ್ತು ನಿಂತಿವೆ. ಚೆನ್ನಾಗಿರುವ ಇಟ್ಟಿಗೆಯ ಮೇಲೆ ಸುಳ್ಳು ಕಲ್ಲು ಮೆತ್ತಿಸಿಕೊಂಡ ಊರಿಗೆ ತಗಡು ಮಾರುವುದು ಎಷ್ಟು ಮಾತ್ರದ ಕೆಲಸ?

ಚಿತ್ರದಲ್ಲಿ ಕಾಣುವ ಮಾರಾಟದ ತಂತ್ರಗಳು ನಿಜವಾಗಿಯೂ ಬಳಕೆಯಲ್ಲಿದ್ದವೇ?

ಅವುಗಳ ತಿರುಳು ನಿಜ. ಚಿತ್ರದ ಅತ್ಯಂತ ಸೊಗಸಾದ ಪ್ರಸಂಗವೊಂದರಲ್ಲಿ ಮಾರಾಟಗಾರರು ಒಂದು ಮನೆಯ ಮುಂದೆ ಕ್ಯಾಮೆರಾ ಹೂಡಿ ಚಿತ್ರ ತೆಗೆಯಲು ನಿಲ್ಲುತ್ತಾರೆ. ಹೊರಬಂದ ಗೃಹಿಣಿಗೆ, ತಾವು ‘ಲೈಫ್’ ಪತ್ರಿಕೆಯವರೆಂದೂ ಮನೆಗಳ ನವೀಕರಣದ ಕುರಿತು ಚಿತ್ರಲೇಖನ ಸಿದ್ಧಪಡಿಸುತ್ತಿರುವುದಾಗಿಯೂ ಹೇಳುತ್ತಾರೆ. ತನ್ನ ಮನೆ ಪತ್ರಿಕೆಯಲ್ಲಿ ಬರುತ್ತದೆಂದು ಆಕೆ ಹಿಗ್ಗುವಷ್ಟರಲ್ಲಿ, ಅದು ಬರುವುದು ‘ನವೀಕರಣಕ್ಕೆ ಮೊದಲು’ ಎಂಬ ಚಿತ್ರವಾಗಿ ಎಂಬುದನ್ನು ಮೆಲ್ಲಗೆ ತಿಳಿಸುತ್ತಾರೆ. ‘ನವೀಕರಣದ ನಂತರ’ದ ಚಿತ್ರವಾಗಲು ಏನು ಮಾಡಬೇಕು ಎಂಬ ಪ್ರಶ್ನೆ ಆಗ ಆಕೆಯ ಬಾಯಿಂದಲೇ ಬರುತ್ತದೆ. ಮಾರಾಟಗಾರ ಇಲ್ಲಿ ಏನನ್ನೂ ಕೊಳ್ಳಿ ಎಂದು ಕೇಳಲೇ ಇಲ್ಲ ಎನ್ನುವುದನ್ನು ಗಮನಿಸಬೇಕು. ಕೊಳ್ಳುವ ಮಾತನ್ನು ಎದುರಿನವರಿಂದಲೇ ಆಡಿಸುವುದು ಈ ಕಸುಬಿನ ಎತ್ತರದ ಮಜಲು. ನೆಲಕ್ಕೆ ಐದು ಡಾಲರ್ ನೋಟು ಬೀಳಿಸಿ, ಅದು ಮನೆಯವರದೇ ಇರಬೇಕೆಂದು ಎತ್ತಿಕೊಟ್ಟು ಪ್ರಾಮಾಣಿಕನೆನಿಸಿಕೊಳ್ಳುವ ಉಪಾಯವೂ ಇದೇ ಬಗೆಯದು. ಐದು ಡಾಲರಿಗೆ ನಂಬಿಕೆ ಕೊಂಡು ಸಾವಿರಾರು ಡಾಲರಿಗೆ ಮಾರುವುದು ಕೆಟ್ಟ ವ್ಯಾಪಾರವಲ್ಲ.

ಇನ್ನು ಚರಿತ್ರೆಗೆ ಬಂದರೆ, 1934ರ ರಾಷ್ಟ್ರೀಯ ವಸತಿ ಕಾಯಿದೆಯ ಅಡಿಯಲ್ಲಿ ಅಮೆರಿಕ ಸರ್ಕಾರವು ಮನೆ ದುರಸ್ತಿಯ ಸಾಲಗಳಿಗೆ ವಿಮೆಯ ಭದ್ರತೆ ಕೊಡಲು ಆರಂಭಿಸಿತು. ಸಾಲ ಮುಳುಗಿದರೆ ಸರ್ಕಾರ ತುಂಬಿಕೊಡುತ್ತದೆ ಎಂಬ ಧೈರ್ಯವಿದ್ದ ಬ್ಯಾಂಕುಗಳು ಕೆಲಸದ ಗುಣಮಟ್ಟವನ್ನಾಗಲೀ ಬೆಲೆಯನ್ನಾಗಲೀ ಕೆದಕಿ ನೋಡುತ್ತಿರಲಿಲ್ಲ. ಯುದ್ಧಾನಂತರ ಈ ಸಡಿಲನ್ನು ಹಿಡಿದು ಊರೂರು ತಿರುಗುವ ಮಾರಾಟಗಾರರ ತಂಡಗಳು ಹುಟ್ಟಿಕೊಂಡವು. 1954ರಲ್ಲಿ ಈ ಹಗರಣ ಬಯಲಾಗಿ ಸೆನೆಟ್ ಸಮಿತಿಯ ವಿಚಾರಣೆ ನಡೆಯಿತು. ನಿಮ್ಮ ಮನೆಯನ್ನು ನಾವು ಮಾದರಿ ಮನೆಯಾಗಿ ತೋರಿಸುತ್ತೇವೆ, ಅದನ್ನು ನೋಡಿ ಕೊಂಡ ಪ್ರತಿಯೊಬ್ಬ ನೆರೆಯವನ ಲೆಕ್ಕದಲ್ಲಿಯೂ ನಿಮಗೆ ದಲ್ಲಾಳಿ ಹಣ ಬರುತ್ತದೆ, ಹೀಗಾಗಿ ನಿಮ್ಮ ಕೆಲಸ ಪುಕ್ಕಟೆಯಾದಂತೆಯೇ ಎನ್ನುವುದು ಆ ಕಾಲದ ಹೆಸರಾಂತ ಬಲೆ. ಅದೇ ಬೀದಿಯ ಹತ್ತು ಮನೆಗಳಿಗೂ ಅದೇ ಮಾತು ಹೇಳಿರುತ್ತಿದ್ದರು. ನೆರೆಯವನು ಯಾರನ್ನು ನೋಡಿ ಕೊಳ್ಳಬೇಕು?

ಸಂಬಳದ ಪದ್ಧತಿಯೂ ಮೋಸವನ್ನು ಸಾಕುವಂತೆಯೇ ಇತ್ತು. ಕಂಪನಿಯು ಕೆಲಸಕ್ಕೊಂದು ಮೂಲಬೆಲೆ ಕಟ್ಟುತ್ತಿತ್ತು. ಅದಕ್ಕಿಂತ ಮೇಲೆ ಗಿರಾಕಿಯಿಂದ ಎಷ್ಟು ಹಿಂಡಿದರೆ ಅಷ್ಟರಲ್ಲಿ ದೊಡ್ಡ ಪಾಲು ಮಾರಾಟಗಾರನಿಗೆ ಸಿಗುತ್ತಿತ್ತು. ಎದುರಿಗಿರುವ ವಿಧವೆಯ ಬಡತನವನ್ನು ಕಂಡು ಬೆಲೆ ಇಳಿಸಿದವನು ತನ್ನ ಮನೆಯ ಅಕ್ಕಿಯನ್ನೇ ಅಳೆದು ಕೊಟ್ಟಂತೆ. ಇದನ್ನು ಬಲ್ಲವರು ಬಿಬಿ ಮತ್ತು ಟಿಲ್ಲಿಯನ್ನು ಕ್ಷಮಿಸಬೇಕಾಗಿಲ್ಲ, ಆದರೆ ಅವರು ಎಲ್ಲಿಂದ ಬಂದರೆಂಬುದು ತಿಳಿಯುತ್ತದೆ.

ಒಂದು ಕಾರಿನ ತರಚಿಗೆ ಇಷ್ಟೊಂದು ಹಗೆಯೇ? ಇದು ಅತಿಯಾಯಿತಲ್ಲವೇ?

ಕಾರಷ್ಟೇ ಆಗಿದ್ದರೆ ಅತಿಯೇ. ಈ ಕಸುಬಿನಲ್ಲಿ ಕ್ಯಾಡಿಲಾಕ್ ಕಾರು ಬಂಡವಾಳದ ಒಂದು ಭಾಗ. ಪದವಿಯಿಲ್ಲದ, ನಿಶ್ಚಿತ ಸಂಬಳವಿಲ್ಲದ, ದಿನವಿಡೀ ಅಪರಿಚಿತರ ಬಾಗಿಲಲ್ಲಿ ‘ಬೇಡ’ ಎನಿಸಿಕೊಳ್ಳುವ ಮನುಷ್ಯನಿಗೆ ತಾನು ಗೆಲ್ಲುತ್ತಿದ್ದೇನೆಂದು ಜಗತ್ತಿಗೂ ತನಗೂ ತೋರಿಸಿಕೊಳ್ಳಲು ಇರುವ ಒಂದೇ ಸಾಕ್ಷಿ ಅದು. ಲೆವಿನ್ಸನ್ ಚಿತ್ರದ ಆರಂಭದಲ್ಲಿಯೇ ಆ ಕಾರಿನ ಮೈಯನ್ನು ದೇವರ ವಿಗ್ರಹದಷ್ಟು ಹತ್ತಿರದಿಂದ, ಭಕ್ತಿಯಿಂದ ತೋರಿಸುತ್ತಾರೆ.

ಇಲ್ಲಿಯ ಹಾಸ್ಯಕ್ಕೆ ಇನ್ನೊಂದು ಮೂಲವಿದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಬಿಬಿ ಮತ್ತು ಟಿಲ್ಲಿ ಒಬ್ಬರನ್ನೊಬ್ಬರು ಮೋಸಗೊಳಿಸಲಾರರು. ಊರಿನ ಉಳಿದ ಎಲ್ಲರ ಮೇಲೂ ನಡೆಯುವ ಅವರ ಮಾತಿನ ಮೋಡಿ, ಅದೇ ಮೋಡಿಯನ್ನು ಕಲಿತ ಇನ್ನೊಬ್ಬನ ಮುಂದೆ ಕೆಲಸ ಮಾಡುವುದಿಲ್ಲ. ಹಾಗಾಗಿ ಮಾತಿನಿಂದಲೇ ಬದುಕುವ ಇಬ್ಬರು ದೊಡ್ಡವರು ಪರಸ್ಪರ ಎದುರಾದಾಗ ಕಲ್ಲು, ಕಬ್ಬಿಣದ ಮಟ್ಟಕ್ಕೆ, ಹುಡುಗಾಟಿಕೆಯ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಡ್ರೈಫಸ್ ಇದನ್ನು ನಯವಾಗಿ, ಬೆಣ್ಣೆ ಹಚ್ಚಿದ ದನಿಯಲ್ಲಿ ಆಡುತ್ತಾರೆ. ಡಿವಿಟೊ ಸಿಡುಕಿನಲ್ಲಿ, ಸದಾ ಯಾರೋ ತನ್ನನ್ನು ಸುಲಿಯುತ್ತಿದ್ದಾರೆಂಬ ಗುಮಾನಿಯಲ್ಲಿ ಆಡುತ್ತಾರೆ. ಗುಮಾನಿ ಪೂರ್ತಿ ಸುಳ್ಳೂ ಅಲ್ಲ, ಆದಾಯ ತೆರಿಗೆಯವರು ಅವನ ಬೆನ್ನು ಹತ್ತಿರುತ್ತಾರೆ.

ಹೆಂಡತಿಯನ್ನು ಸೇಡಿನ ಸಾಧನವಾಗಿ ಬಳಸುವ ಕಥೆಯನ್ನು ಇಂದು ನೋಡಲು ಸಹ್ಯವೇ?

ಚಿತ್ರದ ದುರ್ಬಲ ಜಾಗ ಇದೇ, ಮತ್ತು ಅದನ್ನು ಮುಚ್ಚಿಡಬೇಕಾದ್ದಿಲ್ಲ. ತನ್ನ ನಿಜವಾದ ಉದ್ದೇಶವನ್ನು ಮರೆಮಾಚಿ ಬಿಬಿ ನೋರಾಳ ಸ್ನೇಹ ಬೆಳೆಸುತ್ತಾನೆ. ಕೆಲಸ ಮುಗಿಯಿತೆಂದು ಟಿಲ್ಲಿಗೆ ದೂರವಾಣಿ ಮಾಡಿ ಕೊಚ್ಚಿಕೊಂಡರೆ, ಸಿಡಿದೇಳಬೇಕಾದ ಗಂಡ ಹೆಂಡತಿಯ ಬಟ್ಟೆಬರೆಗಳನ್ನು ಕಿಟಕಿಯಿಂದ ಹೊರಕ್ಕೆ ಎಸೆದು ಪೀಡೆ ತೊಲಗಿತೆಂಬಂತೆ ನಡೆದುಕೊಳ್ಳುತ್ತಾನೆ. ಮುಂದೆ ಇಬ್ಬರೂ ಆಕೆಯನ್ನು ಪಣವಾಗಿಟ್ಟು, ಮೇಜಿನ ಮೇಲೆ ಕೋಲಿನಿಂದ ಚೆಂಡು ತಳ್ಳುವ ಪೂಲ್ ಆಟಕ್ಕೂ ಇಳಿಯುತ್ತಾರೆ. ಪಗಡೆಯ ಸಭೆಯನ್ನು ಬಲ್ಲ ನಮಗೆ ಈ ದೃಶ್ಯ ಕೇವಲ ನಗೆಯಾಗಿ ಉಳಿಯುವುದು ಕಷ್ಟ. ಚಿತ್ರಕ್ಕೂ ಇದರ ಅರಿವಿದೆ ಎಂಬುದು ಸಮಾಧಾನದ ಸಂಗತಿ: ನಾಚಿಕೆಗೇಡಾಗುವುದು ಆಡಿದವರಿಗೆ, ಆಕೆಗಲ್ಲ.

ನೋರಾಳಿಗೆ ಲೆವಿನ್ಸನ್ ಬರೆದುಕೊಟ್ಟಿರುವುದು ಕಡಮೆಯೇ. ಹರ್ಶಿ ಅದನ್ನು ತಮ್ಮ ಮೌನದಿಂದ ತುಂಬಿದ್ದಾರೆ. ವರ್ಷಗಟ್ಟಲೆ ಒಬ್ಬ ಮಾರಾಟಗಾರನ ಜೊತೆ ಬದುಕಿ ಬೇಸತ್ತವಳು ಇನ್ನೊಬ್ಬ ಮಾರಾಟಗಾರನ ಮಾತಿಗೆ ಒಲಿಯುತ್ತಾಳೆ, ಇದು ಅವಳ ದುರಂತ. ಬಿಬಿಗೂ ಒಂದು ತೊಡಕಿದೆ. ಯಾವುದೋ ಹಂತದಲ್ಲಿ ಅವನಿಗೆ ನಿಜವಾಗಿಯೇ ಪ್ರೀತಿ ಹುಟ್ಟುತ್ತದೆ, ಆದರೆ ಅದನ್ನು ಹೇಳಲು ಅವನ ಬಳಿ ಇರುವುದು ಸರಕು ಮಾರಲು ಬಳಸಿದ ಅದೇ ನಾಲಗೆ.

ನಡುನಡುವೆ ಹೋಟೆಲಿನಲ್ಲಿ ಕುಳಿತು ಏನೇನೋ ಹರಟುತ್ತಾರಲ್ಲ, ಅದರ ಅಗತ್ಯವೇನು?

ನನ್ನ ಮಟ್ಟಿಗೆ ಹರಟೆಯೇ ಚಿತ್ರ, ಜಗಳವು ಅದನ್ನು ತೂಗುಹಾಕಲು ಹೊಡೆದ ಮೊಳೆ. ಟಿಲ್ಲಿಯ ಜೊತೆಗಾರ ಸ್ಯಾಮ್‌ನ ಪಾತ್ರದಲ್ಲಿ ಜಾಕಿ ಗೇಲ್ ಎಂಬ ಹಾಸ್ಯಗಾರ ಇದ್ದಾರೆ. ಟೀವಿಯಲ್ಲಿ ಆಗ ಮನೆಮಾತಾಗಿದ್ದ ‘ಬೊನಾನ್ಜಾ’ ಎಂಬ ಧಾರಾವಾಹಿಯ ವಿಷಯದಲ್ಲಿ ಅವನಿಗೊಂದು ತಕರಾರು: ಅಪ್ಪನಿಗೂ ಮಕ್ಕಳಿಗೂ ಹೆಚ್ಚುಕಡಮೆ ಒಂದೇ ವಯಸ್ಸು, ಇದು ಯಾವ ಸೀಮೆಯ ಕುಟುಂಬ? ಅವನ ಲೆಕ್ಕದಲ್ಲಿ ಉತ್ಪ್ರೇಕ್ಷೆಯಿದ್ದರೂ ಅನುಮಾನಕ್ಕೆ ಆಧಾರವಿದೆ. ಅಪ್ಪನ ಪಾತ್ರ ವಹಿಸಿದ್ದ ಲೋರ್ನ್ ಗ್ರೀನ್ ಹುಟ್ಟಿದ್ದು 1915ರಲ್ಲಿ. ದೊಡ್ಡ ಮಕ್ಕಳಿಬ್ಬರ ಪಾತ್ರ ವಹಿಸಿದ್ದ ಪರ್ನೆಲ್ ರಾಬರ್ಟ್ಸ್ ಮತ್ತು ಡ್ಯಾನ್ ಬ್ಲಾಕರ್ ಹುಟ್ಟಿದ್ದು 1928ರಲ್ಲಿ. ಇದೇ ಸ್ಯಾಮ್‌ಗೆ ಹೋಟೆಲಿನ ಬಫೆಯಲ್ಲಿ ಸಾಲಾಗಿಟ್ಟ ತರಕಾರಿಗಳನ್ನು ಕಂಡು, ಇವೆಲ್ಲವೂ ಮಣ್ಣಿನಿಂದಲೇ ಬಂದವಲ್ಲ ಎಂದು ದೇವರ ಮೇಲೆ ನಂಬಿಕೆ ಮೂಡುತ್ತದೆ. ಊರಿಗೆಲ್ಲ ಸುಳ್ಳು ಹೇಳಿ ಬಂದವರು ಟೀವಿಯ ಒಂದು ಸುಳ್ಳನ್ನು ಸಹಿಸದೆ ತರ್ಕಕ್ಕೆ ಕೂರುವುದು ಎಂಥ ವಿನೋದ! ಅವಸರದ ಪ್ರೇಕ್ಷಕರಿಗೆ ಇವು ಅಡ್ಡಕಥೆಗಳೆನಿಸುತ್ತವೆ. ಆದರೆ ದಿನಕ್ಕೆ ಎರಡು ಮೂರು ಮನೆಗಳಲ್ಲಿ ಕೆಲಸ ಕುದುರಿಸಿ ಉಳಿದ ಹೊತ್ತನ್ನು ಕಾಫಿಯ ಮುಂದೆ ಕೊಲ್ಲುವವರ ಬದುಕು ಇರುವುದೇ ಹೀಗೆ.

ಬಿಬಿಯ ಹಿರಿಯ ಜೊತೆಗಾರ ಮೋ ಪಾತ್ರದಲ್ಲಿ ಜಾನ್ ಮಹೋನಿ ತೋರಿಸುವ ಆಯಾಸವನ್ನೂ ಇಲ್ಲಿಯೇ ನೆನೆಯಬೇಕು. ಅವನಿಗೆ ಹೃದಯಾಘಾತವಾದ ಮೇಲೆ ಚಿತ್ರದ ನಗುವಿಗೆ ಬೇರೆ ತೂಕ ಬರುತ್ತದೆ.

ಮನೆ ದುರಸ್ತಿ ಆಯೋಗ ಕಲ್ಪನೆಯೇ?

ಅಲ್ಲ. ಮೇರಿಲ್ಯಾಂಡ್ ರಾಜ್ಯವು 1962ರಲ್ಲಿ ಮನೆ ದುರಸ್ತಿ ವ್ಯವಹಾರಗಳಿಗೆಂದೇ ಕಾನೂನು ಮಾಡಿ ಆಯೋಗವೊಂದನ್ನು ಸ್ಥಾಪಿಸಿತು; ಗುತ್ತಿಗೆದಾರರಿಗೂ ಮಾರಾಟಗಾರರಿಗೂ ಪರವಾನಗಿ ಕೊಡುವ ಮತ್ತು ಕಿತ್ತುಕೊಳ್ಳುವ ಅಧಿಕಾರ ಅದಕ್ಕಿದೆ, ಅದು ಈಗಲೂ ಕೆಲಸ ಮಾಡುತ್ತಿದೆ. ಕಥೆಯನ್ನು 1963ಕ್ಕೆ ಇಟ್ಟಿರುವುದರ ಮರ್ಮ ಇದರಲ್ಲಿದೆ ಎಂದು ನಾನು ಓದಿಕೊಳ್ಳುತ್ತೇನೆ. ಇಬ್ಬರು ಗೂಳಿಗಳು ಕಾದಾಡುತ್ತಿರುವ ಮೈದಾನಕ್ಕೆ ಸರ್ಕಾರ ಆಗಲೇ ಬೇಲಿ ಹಾಕಲು ಆರಂಭಿಸಿದೆ, ಅವರಿಗೆ ಮಾತ್ರ ಅದು ಕಾಣುತ್ತಿಲ್ಲ. ಕೊನೆಗೆ ಇಬ್ಬರ ಪರವಾನಗಿಯೂ ಹೋಗುತ್ತದೆ. ಗ್ರಾಹಕರ ಪರವಾದ ದೇಶವ್ಯಾಪಿ ನಿಯಮ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು: ಮನೆಬಾಗಿಲಲ್ಲಿ ನಡೆದ ಖರೀದಿಯನ್ನು ಮೂರು ಕೆಲಸದ ದಿನಗಳೊಳಗೆ ರದ್ದುಪಡಿಸುವ ಹಕ್ಕನ್ನು ಕೊಡುವ ಕೇಂದ್ರ ವ್ಯಾಪಾರ ಆಯೋಗದ ನಿಯಮ 1972ರಲ್ಲಿ ಹೊರಬಿದ್ದು 1974ರಲ್ಲಿ ಜಾರಿಯಾಯಿತು. ಅಂದು ಸಂಜೆ ಸಹಿ ಮಾಡಿಸಿಕೊಂಡವನ ಮೋಡಿ ಮರುದಿನ ಬೆಳಗಿನವರೆಗೂ ಉಳಿಯುವುದಿಲ್ಲ ಎಂಬ ಅನುಭವವೇ ಆ ನಿಯಮಕ್ಕೆ ತಳಹದಿ.

ಹಾಡುಗಳು ಆ ಕಾಲದವೇ?

ಕೆಲವು ಹೌದು. ಆದರೆ ಕ್ಲಬ್ಬಿನ ದೃಶ್ಯಗಳಲ್ಲಿ ಹಾಡುವ ವಾದ್ಯವೃಂದ ಎಂಬತ್ತರ ದಶಕದ ಬ್ರಿಟಿಷ್ ತಂಡವಾದ ಫೈನ್ ಯಂಗ್ ಕ್ಯಾನಿಬಲ್ಸ್. ಅವರು ಈ ಚಿತ್ರದಲ್ಲಿ ಹಾಡಿದ ‘ಗುಡ್ ಥಿಂಗ್’ 1989ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಮಕ್ಕಳೊಂದಿಗೆ ನೋಡಬಹುದೇ?

ಬೇಡ. ಬೈಗುಳಗಳು ಧಾರಾಳವಾಗಿವೆ; ಅಮೆರಿಕದಲ್ಲಿಯೂ ಇದಕ್ಕೆ, ಹದಿನೇಳು ತುಂಬದವರು ಹಿರಿಯರ ಜೊತೆಯಲ್ಲಿ ಮಾತ್ರ ನೋಡಬಹುದಾದ ‘ಆರ್’ ದರ್ಜೆಯ ಪ್ರಮಾಣಪತ್ರ ಸಿಕ್ಕಿತ್ತು.

ನಮ್ಮ ಕಡೆಯ ಪ್ರೇಕ್ಷಕರಿಗೆ ಇದು ರುಚಿಸುತ್ತದೆಯೇ?

ಕ್ಯಾಡಿಲಾಕ್ ಮತ್ತು ಮರದ ಮನೆ ನಮ್ಮವಲ್ಲ, ಆದರೆ ಬಾಗಿಲಲ್ಲಿ ನಿಂತ ಮನುಷ್ಯ ನಮಗೂ ಗೊತ್ತು. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಕಂಪನಿಯು ಮೊದಲು ವ್ಯಾಕ್ಯೂಮ್ ಕ್ಲೀನರ್, ಬಳಿಕ ನೀರಿನ ಫಿಲ್ಟರ್ ಹಿಡಿದು ನಗರದ ಬಡಾವಣೆಗಳ ಬಾಗಿಲು ತಟ್ಟಿದಾಗ, ಬಿಸಿಲಲ್ಲಿ ಟೈ ಕಟ್ಟಿಕೊಂಡು ಬಂದ ಹುಡುಗ ನಡುಮನೆಯ ಜಮಖಾನೆಯಿಂದ ಧೂಳು ತೆಗೆದು ತೋರಿಸುವ ಪ್ರದರ್ಶನವು ಬೆಂಗಳೂರಿನ ಮಧ್ಯಮ ವರ್ಗದ ಅನೇಕ ಮನೆಗಳಲ್ಲಿ ನಡೆದಿದೆ. ಸ್ವಚ್ಛವೆಂದು ನಂಬಿದ್ದ ಸ್ವಂತ ಮನೆಯ ಧೂಳನ್ನು ಕಂಡ ಮೇಲೆ ಗೃಹಿಣಿಗೆ ಸುಮ್ಮನಿರುವುದು ಕಷ್ಟವಾಗುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಧೂಳು ನಿಜವಾದದ್ದೇ. ಆದರೂ ‘ನವೀಕರಣಕ್ಕೆ ಮೊದಲು’ ಎಂಬ ಚಿತ್ರದ ಮುಂದೆ ನಿಂತ ಬಾಲ್ಟಿಮೋರ್‌ನ ಆ ಮಹಿಳೆಯ ಮುಖಭಾವ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಭಾರತದಲ್ಲಿ 2021ರ ನೇರ ಮಾರಾಟ ನಿಯಮಗಳ ಪ್ರಕಾರ ನೇರ ಮಾರಾಟ ಕಂಪನಿಗಳ ಮಾರಾಟಗಾರರು ಗುರುತಿನ ಚೀಟಿಯಿಲ್ಲದೆ, ಮೊದಲೇ ಸಮಯ ನಿಗದಿಪಡಿಸಿಕೊಳ್ಳದೆ ಅಥವಾ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ಬಿಬಿ, ಟಿಲ್ಲಿಗೆ ಇಂಥ ನಿಯಮ ಓದಿ ಹೇಳಿದ್ದರೆ ಒಪ್ಪಿಗೆ ಪಡೆಯುವ ಹೊಸ ಉಪಾಯವೊಂದನ್ನು ಮಧ್ಯಾಹ್ನದ ಊಟದೊಳಗೆ ಹೊಸೆದಿರುತ್ತಿದ್ದರು.

ಇದು ಹಿಡಿಸಿದರೆ ಮುಂದೆ ಏನು ನೋಡಬಹುದು?

ಲೆವಿನ್ಸನ್ ತಮ್ಮ ಊರಿನ ಬಗ್ಗೆ ನಾಲ್ಕು ಚಿತ್ರ ಮಾಡಿದ್ದಾರೆ: ‘ಡೈನರ್’ (1982), ‘ಟಿನ್ ಮೆನ್’, ‘ಅವಲಾನ್’ (1990) ಮತ್ತು ‘ಲಿಬರ್ಟಿ ಹೈಟ್ಸ್’ (1999). ಕಥೆಗಳು ಬಿಡಿಬಿಡಿಯಾಗಿರುವುದರಿಂದ ಯಾವ ಕ್ರಮದಲ್ಲಿ ನೋಡಿದರೂ ನಷ್ಟವಿಲ್ಲ, ಆದರೂ ‘ಡೈನರ್’ ಮೊದಲಾದರೆ ಲೇಸು. ಅದರಲ್ಲಿ ಮೈಕೆಲ್ ಟಕರ್ ವಹಿಸಿದ ಬೇಗಲ್ ಎಂಬ ಪಾತ್ರ ಇಲ್ಲಿಯೂ ಮತ್ತೆ ಕಾಣಿಸಿಕೊಳ್ಳುತ್ತದೆ. ಲೆವಿನ್ಸನ್‌ಗೆ ಆಸ್ಕರ್ ತಂದುಕೊಟ್ಟ ‘ರೇನ್ ಮ್ಯಾನ್’ ಇದರ ಮರುವರ್ಷದ್ದು, ಆದರೆ ಅದರ ರುಚಿ ಬೇರೆ.

ಅಪ್ಪಟ ಸ್ವತಂತ್ರ ಚಿತ್ರವೇ ಬೇಕೆನ್ನುವವರು ಆಲ್ಬರ್ಟ್ ಮೇಸಲ್ಸ್, ಡೇವಿಡ್ ಮೇಸಲ್ಸ್ ಸಹೋದರರು ಮತ್ತು ಶಾರ್ಲಟ್ ಜ್ವೆರಿನ್ ಸೇರಿ ಮಾಡಿದ 1969ರ ‘ಸೇಲ್ಸ್‌ಮನ್’ ಸಾಕ್ಷ್ಯಚಿತ್ರವನ್ನು ಹುಡುಕಬೇಕು. ಬೆಲೆಬಾಳುವ ಬೈಬಲ್ ಪ್ರತಿಗಳನ್ನು ಬಡ ಕ್ಯಾಥೊಲಿಕ್ ಕುಟುಂಬಗಳಿಗೆ ಮಾರುತ್ತ ಬಾಸ್ಟನ್‌ನಿಂದ ಫ್ಲಾರಿಡಾವರೆಗೆ ಅಲೆಯುವ ನಾಲ್ವರು ನಿಜವಾದ ಮಾರಾಟಗಾರರ ಹಿಂದೆ ಕ್ಯಾಮೆರಾ ಸುಮ್ಮನೆ ನಡೆಯುತ್ತದೆ. ಅಲ್ಲಿ ನಿರೂಪಣೆಯಿಲ್ಲ, ಹೇಳಿಕೊಟ್ಟ ಮಾತಿಲ್ಲ, ನಗು ಬಂದರೂ ಗಂಟಲಲ್ಲಿಯೇ ಉಳಿಯುತ್ತದೆ. ಎರಡನ್ನೂ ನೋಡುವುದಾದರೆ ‘ಟಿನ್ ಮೆನ್’ ಮೊದಲು ನೋಡುವುದು ಒಳ್ಳೆಯದು. ಸಾಕ್ಷ್ಯಚಿತ್ರವನ್ನು ಮೊದಲು ನೋಡಿದವರಿಗೆ ಬಿಬಿಯ ಮಾತಿಗೆ ಅಷ್ಟು ಸಲೀಸಾಗಿ ನಗಲಾಗುವುದಿಲ್ಲ.